ಕ್ಷಮಿಸಿದ ಮೇಲೂ ದುರ್ಗವ್ವ ಕೋರ್ಟಿಗೆ ಹೋದದ್ದು

೧.
ಎಲ್ಲಿಂದ ಶುರು ಮಾಡಲಿ? ಅಪಘಾತದಿಂದಲೋ, ಆರಾಧನೆಯಿಂದಲೋ? ಅಪಘಾತ ಅಂದರೆ ಕಣ್ಣೊರೆಸಿಕೊಳ್ಳುತ್ತೀರಿ. ಆರಾಧನೆ ಅಂದರೆ ಪುಟ ತಿರುವುತ್ತೀರಿ. ಹಾಳಾಗಲಿ, ಎರಡನ್ನೂ ಹೇಳಿಬಿಡುತ್ತೇನೆ.

ದೇವಣಗಾಂವದ ದುರ್ಗವ್ವ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಹೋದ ವರ್ಷ ಅವಳ ಕಣ್ಣೆದುರೇ ಪರಶು ಎಂಬವನು ಅವಳ ಗಂಡ ಅಪ್ಪಾಸಾಬನಿಗೆ ಬೈಕ್ ಗುದ್ದಿಸಿದ. ಪರಶುವಿನ ಒಂದು ಕೈಯಲ್ಲಿ ಫೋನ್ ಇತ್ತು. ನಿಲ್ಲಿಸದೆ ಹೋದ. ಅಪ್ಪಾಸಾಬ ಉಳಿಯಲಿಲ್ಲ; ಪರಶುವಿನ ಮೇಲೆ ಕೇಸು ಬಿತ್ತು. ಪರಶು ಅವರದೇ ಪುಟ್ಟ ಕ್ರೈಸ್ತ ಸಭೆಯವನು. (ಇದನ್ನು ನಾನು ಬೇಕಂತಲೇ ಮಾಡಿದೆ. ಗುರುತಿಲ್ಲದವನನ್ನು ಕ್ಷಮಿಸುವುದು ಸುಲಭ.)

೨.
ಆ ಸಭೆಯಲ್ಲಿ ಒಂದು ರೂಢಿ. ಆರಾಧನೆಯಲ್ಲಿ ಯೇಸುವಿನ ನೆನಪಿಗೆ ರೊಟ್ಟಿ ಮುರಿಯುವ ಮುಂಚೆ ಎಲ್ಲರೂ ಒಬ್ಬರಿಗೊಬ್ಬರು ಕೈಮುಗಿದು "ತಪ್ಪಾಗೇತಿ, ಕ್ಷಮಿಸ್ರಿ" ಅನ್ನಬೇಕು. ಎದುರಿನವರು "ಕ್ಷಮಿಸೇನಿ" ಅನ್ನಬೇಕು. ಈ ಭಾನುವಾರ ಪರಶು ಸಾಲು ದಾಟಿ ಬಂದು ದುರ್ಗವ್ವನ ಮುಂದೆ ನಿಂತ. ಕೈಮುಗಿದು ಅದೇ ಮಾತು ಹೇಳಿದ. ಅವಳು "ಕ್ಷಮಿಸೇನಿ" ಅಂದಳು. ಪಾಸ್ಟರ್ ಸಂಜೀವಕುಮಾರರು ಅತ್ತೇಬಿಟ್ಟರು. ಕೇಸು ಮುಗಿಯಿತು ಅಂದುಕೊಂಡು ಪರಶುವಿನ ಮನೆಯಲ್ಲಿ ಅಂದೇ ಹೋಳಿಗೆ ಮಾಡಿದರು.

ಎಲ್ಲಿ ಮುಗಿದಿತ್ತು? ಸೋಮವಾರ ಸಿಂದಗಿ ಕೋರ್ಟಿನಲ್ಲಿ ದುರ್ಗವ್ವನ ಸಾಕ್ಷಿ. ಅವಳು ಮುಂಜಾನೆಯ ಬಸ್ಸು ಹತ್ತಿದಳು.

೩. (ಹರಿದುಹಾಕಿದ ಡ್ರಾಫ್ಟ್)
ದುರ್ಗವ್ವ ಕಟಕಟೆಯಲ್ಲಿ ನಿಂತು "ನಾ ಏನೂ ನೋಡಿಲ್ರಿ" ಎನ್ನುತ್ತಾಳೆ. ದೂರದಲ್ಲಿ ಚರ್ಚಿನ ಗಂಟೆ. ಥೂ, ಕ್ಯಾಲೆಂಡರಿನ ಚಿತ್ರ! ಅವಳೇ ನನ್ನನ್ನು ತಡೆದಳು:

"ಏನ್ರಿ ಸಾಹೇಬ್ರ, ನನ್ನ ಬಾಯಾಗ ಸುಳ್ಳು ತುರುಕಾಕತ್ತೀರಿ? ಕ್ಷಮಿಸು ಅನ್ನೋ ಬೈಬಲ್ಲಿನಾಗ ಸುಳ್ಳ ಸಾಕ್ಷಿ ಹೇಳಬ್ಯಾಡ ಅಂತನೂ ಐತಿ."

"ಹಾಗಾದರೆ ಕ್ಷಮಿಸಿದ್ದು ಏನನ್ನ, ದುರ್ಗವ್ವಾ?"

"ಅವಗ ಕೇಡಾಗ್ಲಿ ಅಂತ ದಿನಾ ಬೇಡ್ಕೋತಿದ್ದೆ. ಅದನ್ನ ಬಿಟ್ಟೇನಿ. ಸಿಟ್ಟು ಇನ್ನೂ ಐತಿ ನೋಡ್ರಿ. ಅದಕ್ಕ ಏನ್ ಮಾಡ್ಲಿ?"

ನಾನು ಬರೆದ ಎಥಿಕ್ಸ್ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಐದೇ ಅಂಕ ಇತ್ತು.

೫. (ನಾಲ್ಕರಲ್ಲಿ ಬರೀ ಉಪದೇಶ. ತೆಗೆದೆ.)
ಕೋರ್ಟಿನ ವರಾಂಡದಲ್ಲಿ ಪರಶು ಅವಳ ದಾರಿಗೆ ಅಡ್ಡ ಬಂದ.

"ಯಕ್ಕಾ, ನಿನ್ನೆ ಕ್ಷಮಿಸೇನಿ ಅಂದಿ. ಇವತ್ತ ನೀ ಹೇಳಿದ್ರ ನಾ ಜೇಲಿಗೆ ಹೋಗ್ತೇನಿ."

ಒಳಗಿನಿಂದ ಅವಳ ಹೆಸರು ಕೂಗಿದರು.

ಅಂತ್ಯ ಒಂದು: ಶಿಕ್ಷೆ. ಅಂತ್ಯ ಎರಡು: ಬಿಡುಗಡೆ. ಬೇಕಾದ್ದು ಆರಿಸಿಕೊಳ್ಳಿ, ನ್ಯಾಯಾಧೀಶ ನಾನಲ್ಲ. ಒಳಗೆ ಹೋಗುವ ಮುಂಚೆ ಅವಳು ಸೆರಗು ಸರಿಮಾಡಿಕೊಂಡು ಅವನಿಗೆ ಹೇಳಿದ್ದನ್ನು ಮಾತ್ರ ಬರೆದುಕೊಂಡೆ:

"ಹೋಗಪಾ. ನಾ ವಾರಕ್ಕೊಮ್ಮೆ ಜೇಲಿಗೆ ಬುತ್ತಿ ಕಟ್ಕೊಂಡು ಬರ್ತೇನಿ."