ಲೂನಾದ ನಂಬರು

ರಾಯಾಪುರದ ಹತ್ತಿರ ಪೊಲೀಸರು ಗಾಡಿ ತಪಾಸಣೆಗೆ ನಿಂತಿದ್ದನ್ನು ಕಂಡಾಗ ಸಂಘಮಿತ್ರಾಳಿಗೆ ಮೊದಲು ಹೆದರಿಕೆಯೇನೂ ಆಗಲಿಲ್ಲ. ಅವಳದು ಬ್ಯಾಟರಿ ಗಾಡಿ. ಇನ್ನೂರೈವತ್ತು ವ್ಯಾಟಿನ ಮೋಟಾರು, ಎಷ್ಟು ಕಿವಿ ಹಿಂಡಿದರೂ ತಾಸಿಗೆ ಇಪ್ಪತ್ತೈದು ಕಿಲೋಮೀಟರ್ ದಾಟದು. ಅಂಥದಕ್ಕೆ ಲೈಸೆನ್ಸೂ ಬೇಡ, ನಂಬರೂ ಬೇಡ. ಹಾಗೆಂದು ಅಂಗಡಿಯವರು ಕೊಟ್ಟ ಕಾಗದ ಬ್ಯಾಗಿನಲ್ಲಿತ್ತು. ದಾರಿಯಲ್ಲಿ ತಡೆದವರಿಗೆಲ್ಲ ತೋರಿಸಿ ತೋರಿಸಿ ಅದರ ಮಡಿಕೆಗಳು ಹರಿದಿದ್ದವು.

ಹಿಂದೆ ಅತ್ತೆ ಮುತ್ತವ್ವ ಕೂತಿದ್ದಳು. ಪೊರೆ ಬಂದ ಅವಳ ಕಣ್ಣನ್ನು ಸತ್ತೂರಿನ ಆಸ್ಪತ್ರೆಯಲ್ಲಿ ತೋರಿಸಬೇಕಿತ್ತು.

"ಇವತ್ತ ಕಾಗದ ತಗೀಬ್ಯಾಡವಾ," ಎಂದಳು ಮುತ್ತವ್ವ ಹೆಮ್ಮೆಯಿಂದ. "ನಸಕಿನ್ಯಾಗ ಎದ್ದು ಹಿಂದ ನಿಮ್ಮ ಮಾವನ ನಂಬರ ಕಟ್ಟೇನಿ. ಇನ್ನ ಯಾರೂ ತಡಿಯೂದಿಲ್ಲ."

ಸಂಘಮಿತ್ರಾ ಬ್ರೇಕು ಒತ್ತಿದಳು. ಗಾಡಿಯನ್ನು ರಸ್ತೆಯ ಅಂಚಿಗೆ ನಿಲ್ಲಿಸಿ ಇಳಿದು ನೋಡಿದಳು. ಖರೇನೇ ಇತ್ತು. ತಂತಿಯಲ್ಲಿ ಬಿಗಿದ ಹಳೆಯ ತಗಡು, ಸೊಟ್ಟಗೆ.

ಅದು ಮಾವ ಗಿರಿಯಪ್ಪನ ಲೂನಾದ ನಂಬರು. ಜವಾನನ ನೌಕರಿ ಸಿಕ್ಕ ಮೇಲೆ ಅವನು ಕೊಂಡ ಆ ಲೂನಾ, ಅವರ ಓಣಿಗೆ ಬಂದ ಮೊದಲ ಗಾಡಿ. ಸಂಘಮಿತ್ರಾಳ ಗಂಡ ರಾಜರತ್ನ ಕೈಗೂಸಾಗಿದ್ದಾಗಲೇ ಅವನು ತೀರಿಕೊಂಡ, ಗಾಡಿ ಗುಜರಿಗೆ ಹೋಯಿತು. ನಂಬರಿನ ತಗಡನ್ನು ಮಾತ್ರ ಮುತ್ತವ್ವ ಬಿಳಿ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು. ಯಾರಿಗೂ ಬಿಚ್ಚಿ ತೋರಿಸಿದವಳಲ್ಲ.

ಪಾಪ, ಮುದುಕಿಗೇನು ಗೊತ್ತು? ನಂಬರಿಲ್ಲದಿದ್ದರೆ ತಪ್ಪಲ್ಲ, ಬೇರೆ ಗಾಡಿಯ ನಂಬರು ಹಚ್ಚಿದರೆ ಕೇಸು. ಸಂಘಮಿತ್ರಾ ಐದು ವರ್ಷ ಗುತ್ತಿಗೆಯ ಮೇಲೆ ದುಡಿದ ನರ್ಸ್ ಕೆಲಸ ಈಗ ಕಾಯಂ ಆಗುವುದಿತ್ತು. ಪೊಲೀಸರ ಪರಿಶೀಲನೆಯ ವರದಿಯೊಂದೇ ಬಾಕಿ. ಇವತ್ತು ಹೆಸರು ಠಾಣೆ ಸೇರಿದರೆ ನೌಕರಿ ಹೋದಂತೆಯೇ.

ಅವಳು ತಂತಿಯನ್ನು ಎಳೆದಳು, ತಿರುವಿದಳು. ಬೆರಳು ಹರಿದು ರಕ್ತ ಬಂತೇ ಹೊರತು ಗಂಟು ಬಿಚ್ಚಲಿಲ್ಲ. ಹಿಂದಿರುಗಿ ಹೋಗೋಣವೆಂದರೆ ನೋಡಿದವರು ಬಿಟ್ಟಾರೆಯೇ? ಅಷ್ಟರಲ್ಲಿ ಹೆದರಿದವರ ಮೇಲೆ ಹಾವು ಎಸೆದ ಹಾಗೆ ಒಬ್ಬ ಪೊಲೀಸ ಇತ್ತಲೇ ನಡೆದು ಬಂದ.

"ಯಾಕ ನಿಂತ್ರಿ ಅಕ್ಕಾರ?" ಎಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿದ. "ಈ ಗಾಡಿಗೆ ನಂಬರ ಬೇಕಿಲ್ಲಲ್ಲ. ಇದ್ಯಾರದ್ರಿ?"

ಸಂಘಮಿತ್ರಾ ಅತ್ತೆಯ ತೋಳನ್ನು ಹಿಡಿದುಕೊಂಡಳು. ಮುತ್ತವ್ವನಿಗೆ ಸೊಸೆಯ ಮುಖ ಸರಿಯಾಗಿ ಕಾಣಲಿಲ್ಲ. ತೋಳಿನ ಮೇಲೆ ಅವಳ ಬೆರಳು ಬಿಗಿದದ್ದು ಮಾತ್ರ ತಿಳಿಯಿತು.

"ನಾನ ಕಟ್ಟೇನ್ರಿ ಸಾಹೇಬ್ರ," ಎಂದಳು ಮುದುಕಿ. "ಸಾಲಿ ಕಲ್ತಾಕಿ ಅಲ್ಲ ನಾನು. ಗುಜರ್ಯಾಗ ಬಿದ್ದಿತ್ತು, ಛಲೋ ಕಾಣಸ್ತೈತಿ ಅಂತ ಕಟ್ಟಿದೆ. ಈಕಿಗೆ ಗೊತ್ತ ಇಲ್ಲ."

"ಯಾರದಂತ ಖರೇನ ಗೊತ್ತಿಲ್ಲೇನ?"

"ಇಲ್ರಿ. ಯಾರದೋ ಏನೋ."

ಅವನು ಇಕ್ಕಳ ತರಿಸಿ ತಂತಿ ಕತ್ತರಿಸಿದ. ಬೇರೆ ಗಾಡಿಗಳಿಂದ ಕಿತ್ತು ರಸ್ತೆಯ ಬದಿಗೆ ಹಾಕಿದ್ದ ಪ್ಲೇಟುಗಳ ರಾಶಿಯ ಮೇಲೆ ತಗಡನ್ನು ಎಸೆದ. "ಸುಳ್ಳ ನಂಬರಂದ್ರ ಜೇಲ ಆಗತೈತಿ ಅಜ್ಜಿ. ವಯಸ್ಸಾದಾಕಿ ಅಂತ ಬಿಟ್ಟೇನಿ, ಹೋಗ್ರಿ." ತಗಡು ಸದ್ದು ಮಾಡಿದ ಕಡೆಗೆ ಮುತ್ತವ್ವ ಕತ್ತು ಹೊರಳಿಸಿದಳು.

ಸತ್ತೂರು ಹತ್ತಿರ ಬಂದಾಗ ಮುತ್ತವ್ವ ಸೊಸೆಯ ಹೆಗಲು ಮುಟ್ಟಿದಳು.

"ನಂಬರ ಓದಿಟ್ಕೊಂಡಿ ಹೌದಿಲ್ಲೊ? ನಿಮ್ಮ ಮಾವ ಎಷ್ಟ ಸಲ ಹೇಳಿಕೊಟ್ರೂ ನನ್ನ ತಲ್ಯಾಗ ನಿಲ್ಲಲಿಲ್ಲ. ಒಂದ ಚೀಟ್ಯಾಗ ಬರದ ಕೊಡು, ಅದನ್ನರ ಟ್ರಂಕಿನ್ಯಾಗ ಇಟ್ಕೋತೇನಿ."

ಸಂಘಮಿತ್ರಾ ತಂತಿಯನ್ನು ನೋಡಿದ್ದಳು, ಗಂಟನ್ನು ನೋಡಿದ್ದಳು. ನಂಬರನ್ನು ಓದಿರಲಿಲ್ಲ. ಕೊನೆಯಲ್ಲಿ ಏಳು ಇದ್ದ ನೆನಪು, ಅಷ್ಟೇ. ಹಿಂದಿರುಗಿ ಆ ರಾಶಿಯ ಮುಂದೆ ನಿಲ್ಲುವ ಧೈರ್ಯ ಅವಳಿಗಿರಲಿಲ್ಲ.

"ಓದೇನ್ರಿ ಅತ್ತಿ," ಎಂದಳು. "ನಾಕು, ಒಂದು, ಎಂಟು, ಏಳು."

"ನಾಕು, ಒಂದು, ಎಂಟು, ಏಳು," ಎಂದು ಮುತ್ತವ್ವ ಹಿಂದಿನಿಂದ ಮೆಲ್ಲಗೆ ಬಾಯಿಪಾಠ ಮಾಡತೊಡಗಿದಳು. ಈ ಸಲ ಮರೆಯಬಾರದೆಂದು ಮತ್ತೆ ಮತ್ತೆ ಹೇಳಿಕೊಂಡಳು. ರಾಜರತ್ನನಿಗೆ ಖರೆಯ ನಂಬರು ಗೊತ್ತಿದ್ದರೆ ಏನು ಗತಿ ಎಂಬ ಹೊಸ ಹೆದರಿಕೆ ಹೊಕ್ಕಿತು; ಆದರೂ ತಾನು ಕಟ್ಟಿ ಹೇಳಿದ ನಂಬರನ್ನು ತಾನೇ ಮರೆಯದಿರಲೆಂದು ಸಂಘಮಿತ್ರಾ ಅವಳ ಜೊತೆಗೇ ಹೇಳಿಕೊಳ್ಳತೊಡಗಿದಳು.