ಹೂವು ಬಲಕ್ಕೆ ಬಿತ್ತು, ಕುದುರೆ ಬರಲಿಲ್ಲ

ನನ್ನ ಹೆಸರು ಹೇಮಲತಾ. ನಂಜನಗೂಡು ತಾಲ್ಲೂಕಿನ ನಮ್ಮೂರಿಗೆ ನಾನು ಪಶುಸಖಿ. ಅಂದರೆ ಹಸು ಮೇವು ಬಿಟ್ಟರೆ, ಕುರಿ ಕುಂಟಿದರೆ, ಜನ ಮೊದಲು ನನ್ನ ಮನೆ ಬಾಗಿಲು ತಟ್ಟುತ್ತಾರೆ, ಆಮೇಲೆ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಹೇಮಕ್ಕನ ಬಾಯಿ ಜೋರು ಅಂತ ಊರಲ್ಲಿ ಹೆಸರಿದೆ. ಇರಲಿ ಬಿಡಿ, ಜೋರೇ. ಆದರೆ ಜೋರು ಮಾಡಲೇಬೇಕಾಗಿದ್ದ ಒಂದು ದಿನ ನಾನು ಬಾಯಿ ಮುಚ್ಚಿಕೊಂಡು ಮನೆಗೆ ಹೋದೆ. ಆ ಸಂಕಟಕ್ಕೇ ಈ ಕಥೆ ಹೇಳುತ್ತಿದ್ದೇನೆ.

ಆಗ ನಮ್ಮ ಕಡೆ ಕೊಟ್ಟಿಗೆ ಕಳ್ಳತನ ಶುರುವಾಗಿತ್ತು. ಮಲ್ಲಯ್ಯನವರ ಎರಡು ಮೇಕೆ ಹೋದವು. ಪಕ್ಕದೂರಲ್ಲಿ ಕರು ಹಾಕಿ ತಿಂಗಳೂ ಆಗಿರದ ಹಸು ಹೋಯಿತು. ಜನ ಮಲಗಿದರೂ ಒಂದು ಕಿವಿ ಕೊಟ್ಟಿಗೆ ಕಡೆಗೇ ಇರುತ್ತಿತ್ತು. ಹಾಲಿನ ಸಂಘದ ಸಭೆಯಲ್ಲಿ ನಾನು ಹೇಳಿದೆ, ಕೊಟ್ಟಿಗೆಗೆ ಬೀಗ ಹಾಕಿ, ಒಂದು ಬಲ್ಬು ಉರಿಸಿ, ಪ್ರಾಣಿಗಳ ಫೋಟೋ ತೆಗೆದಿಡಿ ಅಂತ.

ಹಿಂದೆ ಕೂತಿದ್ದ ಜಟಕಾ ಹುಚ್ಚಯ್ಯ, ಊರ ವರಸೆಯಲ್ಲಿ ನನಗೆ ಮಾವ, ಕೇಳಿದರು, "ಮೇಕೆ ಕದೀತಾರೆ, ಸರಿ. ನನ್ ಕುದ್ರೆ ಕದ್ದು ಏನವ್ವಾ ಮಾಡ್ತಾರೆ? ಬೇಯ್ಸ್ಕೊಂಡು ತಿಂದಾರಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ನಮ್ಮೂರಲ್ಲಿ ಉಳಿದಿದ್ದ ಒಂದೇ ಕುದುರೆ ಅದು. ಬಿಳಿ ಹೆಣ್ಣು ಕುದುರೆ, ಹೆಸರು ಬೆಳ್ಳಿ. ಹುಟ್ಟಿದ ವಾರಕ್ಕೇ ತಾಯಿ ಸತ್ತಿತ್ತು. ಹುಚ್ಚಯ್ಯ ಮಾವ ಹಸುವಿನ ಹಾಲನ್ನು ಬಾಟಲಿಯಲ್ಲಿ ಕುಡಿಸಿ, ಚಳಿಗೆ ತಮ್ಮ ಕಂಬಳಿಯನ್ನೇ ಹೊದಿಸಿ ಬೆಳೆಸಿದ್ದರು. "ನಂಗೆ ಇಬ್ರು ಹೆಣ್ಮಕ್ಳು, ಒಬ್ಳು ಗಾನವಿ, ಇನ್ನೊಬ್ಳು ಹುಲ್ ತಿಂತಾಳೆ" ಅನ್ನುತ್ತಿದ್ದರು. ಸೋಮವಾರ, ಹುಣ್ಣಿಮೆಗಳಲ್ಲಿ ನಂಜನಗೂಡಿನಲ್ಲಿ ಯಾತ್ರಿಕರಿಗೆ ಜಟಕಾ ಓಡಿಸುವರು. ಲಗ್ನದ ಕಾಲದಲ್ಲಿ ಮದುವೆ ಗಂಡುಗಳು ಬೆಳ್ಳಿ ಮೇಲೆ ಕೂತು ಮೆರವಣಿಗೆ ಹೋಗುವರು. ಪಟಾಕಿ ಹೊಡೆದರೂ ಬೆದರದ ಕುದುರೆ.

ಒಂದು ಮಂಗಳವಾರ ಬೆಳಿಗ್ಗೆ ಮಾವನ ಹೆಂಡತಿ ಮಹದೇವಮ್ಮತ್ತೆ ನೆನೆಸಿದ ಹುರುಳಿ ತಗೊಂಡು ಕೊಟ್ಟಿಗೆಗೆ ಹೋದರು. ಬಾಗಿಲು ಹಾರು ಹೊಡೆದಿತ್ತು. ಬೆಳ್ಳಿ ಇರಲಿಲ್ಲ. ಮಗಳು ಗಾನವಿ ಆಗತಾನೆ ತಾಂಡ್ಯದ ಫ್ಯಾಕ್ಟರಿಯ ನೈಟ್ ಶಿಫ್ಟ್ ಮುಗಿಸಿ ಬಂದಿದ್ದಳು. ಅವಳೇ ನನಗೆ ಫೋನ್ ಮಾಡಿದಳು. ನಾನು ಓಡಿದೆ.

"ಅಗ್ಗ ಬಿಚ್ಚಿಲ್ಲ ಅಕ್ಕ, ಕುಯ್ದವ್ರೆ" ಅಂತ ತುಂಡು ಹಗ್ಗ ತೋರಿಸಿದಳು. ಹಿತ್ತಲ ಕೆಸರಿನಲ್ಲಿ ಗಾಡಿಯ ಚಕ್ರದ ಗುರುತು ಹಸಿಯಾಗೇ ಇತ್ತು.

"ಇನ್ನೂ ದೂರ ಹೋಗಿರಲ್ಲ. 112ಕ್ಕೆ ಫೋನ್ ಮಾಡು" ಅಂದೆ. ಗಾನವಿ ಫೋನ್ ಎತ್ತಿದಳು.

ಮಾವ ಅವಳ ಕೈ ಹಿಡಿದರು. "ತಡಿ ಮಗ. ಮೊದ್ಲು ಅಮ್ಮನ್ನ ಕೇಳಾನ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೇರೆ ಕಡೆಯವರಿಗೆ ಹೇಳುತ್ತೇನೆ. ಏನು ಕಳೆದುಹೋದರೂ ನಾವು ಊರ ಮಾರಮ್ಮನ ಗುಡಿಗೆ ಹೋಗಿ ಹೂವು ಕೇಳುತ್ತೇವೆ. ಅಮ್ಮನ ಮೇಲೆ ಹೂವು ಏರಿಸಿ, ಮನಸ್ಸಿನ ಮಾತು ಹೇಳಿ, ಕೈಮುಗಿದು ನಿಲ್ಲುತ್ತೇವೆ. ಬಲಗಡೆಯಿಂದ ಬಿದ್ದರೆ ಆಯಿತು ಅಂತ, ಎಡಗಡೆಯಿಂದ ಬಿದ್ದರೆ ಇಲ್ಲ ಅಂತ. ನನ್ನ ಮದುವೆಗೂ ಕೇಳಿದ್ದರು, ಬಲಕ್ಕೇ ಬಿದ್ದಿತ್ತು. ಆ ವಿಚಾರ ಈಗ ಬೇಡ.

ಪೂಜಾರಿ ಬಸವಯ್ಯನವರು ಹೂವು ಏರಿಸಿದರು. ಮಾವ ಕಣ್ಣು ಮುಚ್ಚಿ, "ನನ್ ಬೆಳ್ಳಿ ಬದ್ಕವ್ಳಾ ತಾಯಿ? ಕೈಗೆ ಸಿಕ್ಕಾಳಾ?" ಅಂತ ಕೇಳಿದರು. ಸ್ವಲ್ಪ ಹೊತ್ತಿಗೆ ಬಲಗಡೆಯಿಂದ ಹೂವು ಜಾರಿತು. ಮಹದೇವಮ್ಮತ್ತೆ ಗುಡಿ ಮುಂದೆಯೇ ಅತ್ತುಬಿಟ್ಟರು.

"ಸಿಕ್ತಾಳೆ ಬಿಡ್ಲಾ ಹುಚ್ಚ" ಅಂದರು ಬಸವಯ್ಯನವರು. "ಮೂರ್ ದಿನ ತಡ್ಕೊ. ಎಲ್ಲೂ ಬಾಯ್ ಬಿಡ್ಬೇಡ."

ನಾನು ದಾರಿಯಲ್ಲೇ ಅಡ್ಡ ನಿಂತೆ. "ಮಾವ, ಹೂವ ಆಯ್ತಲ್ಲ. ಈಗ್ಲಾದ್ರೂ ಸ್ಟೇಷನ್‌ಗೆ ಹೋಗಣ ಬನ್ನಿ."

"ಕೊಡ್ತೀನಿ ಅಂತ ಅಮ್ಮ ಏಳ್ದ ಮ್ಯಾಲೆ ಪೊಲೀಸ್ರ ತಾವ್ ಓದ್ರೆ, ನಿನ್ ಮಾತ್ ನಂಬಾಕಿಲ್ಲ ಅಂದಂಗಾಗಲ್ವೇನವ್ವ?"

"ಅಮ್ಮ ಹೋಗ್ಬೇಡ ಅಂದ್ಲಾ?"

"ಸ್ಟೇಷನ್ನಾಗೆ ನಮ್ ಮಾತ ಯಾರ್ ಕೇಳಾರು? ಕುದ್ರೆ ಕಳ್ದೋಯ್ತು ಅಂದ್ರೆ, ಇದ್ಯಾವ್ ರಾಜ್ನಪ್ಪ ಬಂದವ್ನೆ ಅಂತ ನಗ್ತಾರೆ."

"ನಗ್ಲಿ ಮಾವ! ನಕ್ರೆ ನಗ್ಲಿ, ಬರ್ಕೊಳ್ಳಲೇಬೇಕು ಅವ್ರು."

ಮಹದೇವಮ್ಮತ್ತೆ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು. "ಬುಡ್ತು ಅನ್ನು ಹೇಮ. ಮೂರ್ ದಿನ ಕಣ. ಸುಮ್ಕಿರು."

ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮಿಷ್ಟ" ಅಂದು ಮನೆಗೆ ಬಂದೆ. ನನ್ನ ಕೈಯಲ್ಲೂ ಫೋನ್ ಇತ್ತು. ಆ ನಂಬರ್ ಒತ್ತಲು ನನಗೇನು ಯಾರ ಅಪ್ಪಣೆ ಬೇಕಿತ್ತು? ಒತ್ತಲಿಲ್ಲ. ಮುನಿಸಿಕೊಂಡು ಒಲೆ ಹಚ್ಚಿದೆ.

ಮೊದಲ ದಿನ ಮಾವ ಕೊಟ್ಟಿಗೆ ಬಾಗಿಲಲ್ಲೇ ಚಾಪೆ ಹಾಸಿಕೊಂಡರು. ಬೆಳ್ಳಿ ಬಂದಾಗ ಬಾಗಿಲು ಮುಚ್ಚಿರಬಾರದು ಅಂತ. ಎರಡನೇ ದಿನ ಕಪಿಲಾ ಹೊಳೆ ದಂಡೆ, ನಾಲೆ ಏರಿ ಎಲ್ಲಾ ನಡೆದು, ಕುದುರೆ ಹೆಸರು ಹಿಡಿದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದರು. ಅತ್ತೆ ದಿನಾ ಹುರುಳಿ ನೆನೆಸಿದರು, ದಿನಾ ಎಮ್ಮೆಗೆ ಹಾಕಿದರು. ಕೇಳಿದವರಿಗೆಲ್ಲ ಮಾವ ಒಂದೇ ಮಾತು ಹೇಳುತ್ತಿದ್ದರು, "ಊವ ಬಲಕ್ಕೆ ಬಿದ್ದದೆ."

ಮೂರನೇ ದಿನ ಬೆಳಿಗ್ಗೆ ಗಾನವಿ ಶಿಫ್ಟ್ ಮುಗಿಸಿ ಮನೆಗೆ ಬರಲಿಲ್ಲ. ನನಗೆ ಫೋನ್ ಬಂತು. "ಅಕ್ಕ, ಸ್ಟೇಷನ್ ಮುಂದೆ ನಿಂತಿವ್ನಿ. ಒಬ್ಳೇ ಒಳೀಕ್ ಓಗಕ್ ಭಯ ಆಯ್ತದೆ. ಬತ್ತೀಯಾ? ಅಪ್ಪಂಗೆ ಏಳ್ಬೇಡ."

ಸಿಕ್ಕ ಬಸ್ಸು ಹತ್ತಿ ಹೋದೆ. ಅಲ್ಲಿ ಯಾರೂ ನಗಲಿಲ್ಲ. ಸಾಹೇಬರು ಕುರ್ಚಿ ಕೊಟ್ಟು ಕೂರಿಸಿ, "ಯಾವಾಗ ಕಳುವಾಯ್ತು?" ಅಂದರು.

"ಮಂಗಳ್ವಾರ ಸಾ" ಅಂದಳು ಗಾನವಿ.

"ಇವತ್ತು ಗುರುವಾರ! ಎರಡು ದಿನ ಏನಮ್ಮಾ ಮಾಡ್ತಿದ್ರಿ?"

ಫೋಟೋ ಕೇಳಿದರು. ಗಾನವಿ ಫೋನಿನಲ್ಲಿ ಮೂವತ್ತು ನಲವತ್ತು ಫೋಟೋ ಇದ್ದವು, ಎಲ್ಲವೂ ಮದುವೆಯವು. ಹಣೆಗೆ ಗೊಂಡೆ, ಕತ್ತಿಗೆ ಹಾರ, ಮೈತುಂಬ ಜರಿ ಬಟ್ಟೆ. ಮದುವೆ ಗಂಡು ಚೆನ್ನಾಗಿ ಕಾಣುತ್ತಿದ್ದ, ಕುದುರೆಯ ಬಾಲ ಕಾಣುತ್ತಿತ್ತು. ಎಷ್ಟು ಜನರ ಆಲ್ಬಮ್ಮಿನಲ್ಲಿ ಇದ್ದಾಳೋ ಬೆಳ್ಳಿ, ಅವಳ ಗುರುತು ತೋರಿಸುವ ಒಂದೇ ಒಂದು ಬರಿಮೈ ಫೋಟೋ ಮನೆಯಲ್ಲಿ ಇರಲಿಲ್ಲ.

ಬೇರೆ ದಾರಿ ಕಾಣದೆ ಮಾವನಿಗೇ ಫೋನ್ ಮಾಡಿದೆ. "ಮಾವ, ಬಯ್ಯೋದಿದ್ರೆ ಆಮೇಲೆ ಬಯ್ರಿ. ನಾವು ಸ್ಟೇಷನ್ನಲ್ಲಿದ್ದೀವಿ. ಬೆಳ್ಳಿ ಗುರುತು ಹೇಳಿ."

ಮಾವ ಬಯ್ಯಲಿಲ್ಲ, ಒಂದೊಂದಾಗಿ ಹೇಳತೊಡಗಿದರು. "ಅಣೆ ಮ್ಯಾಲೆ ಜೋಡಿ ಸುಳಿ. ಕತ್ತಿನ್ ಎಡಗಡೆ ಕಿವಿ ಕೆಳ್ಗೆ ಇನ್ನೊಂದು. ಮುಂದ್ಲ ಬಲಗಾಲ್ ಮಂಡಿ ಮ್ಯಾಲೆ ಸುಟ್ಟ ಮಚ್ಚೆ..."

ಸಾಹೇಬರು ಬರೆದುಕೊಂಡು, "ಕುದುರೆ ಸುಳಿ ಅಂದ್ರೆ ನಮ್ಮ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಇಷ್ಟು ಸಾಕು" ಅಂದರು. ದೂರಿನ ಪ್ರತಿಯನ್ನು ಗಾನವಿ ಕೈಗೆ ಕೊಟ್ಟರು, ಒಂದು ಪೈಸೆ ಕೇಳಲಿಲ್ಲ. ಸುತ್ತಲಿನ ಠಾಣೆಗಳಿಗೆಲ್ಲ ಸುದ್ದಿ ಹೋಯಿತು. ನಾವು ಊರಿಗೆ ವಾಪಸ್ಸಾದೆವು. ಮಧ್ಯಾಹ್ನ ನಾಲ್ಕು ಗಂಟೆ ಆಗಿರಲಿಲ್ಲ, ತಿ. ನರಸೀಪುರದ ಕಡೆಯಿಂದ ಫೋನ್ ಬಂತು. ಇಬ್ಬರು ಸಿಕ್ಕಿಬಿದ್ದಿದ್ದಾರೆ, ಒಂದು ಗೂಡ್ಸ್ ಗಾಡಿ ಸಿಕ್ಕಿದೆ, ಕುದುರೆಯವರು ಬಂದು ಗುರುತು ಹಿಡಿಯಬೇಕು ಅಂತ.

"ಸಿಕ್ಬುಟ್ಲಾ?" ಅಂತ ಮಾವ ಎದ್ದುಬಿದ್ದು ಹೊರಟರು. ಒಂದು ಚೀಲದಲ್ಲಿ ಹುರುಳಿಯನ್ನೂ ತಗೊಂಡರು. ಗುರುತು ಹಿಡಿಯಬೇಕು ಅನ್ನುವ ಮಾತು ನನಗೆ ಸರಿ ಕಾಣಲಿಲ್ಲ.

ತಿ. ನರಸೀಪುರದ ಹತ್ತಿರ, ಊರಾಚೆ ಒಂದು ತೆಂಗಿನ ತೋಟ. ತೋಟದ ಮೂಲೆಯಲ್ಲಿ ಶೀಟಿನ ಶೆಡ್ಡು. ನೆಲ ನೀರು ಹಾಕಿ ತೊಳೆದಿತ್ತು, ಆದರೂ ಕೆಂಪಾಗಿತ್ತು. ಒಬ್ಬ ಪೇದೆ ಗೋಣಿಚೀಲದ ಬಾಯಿ ಬಿಚ್ಚಿದರು. ಒಳಗೆ ನಾಲ್ಕು ಗೊರಸುಗಳಿದ್ದವು.

ಮಾವ ಕೂತರು. ಒಂದು ಗೊರಸನ್ನು ತೊಡೆ ಮೇಲೆ ಇಟ್ಟುಕೊಂಡು ತಿರುಗಿಸಿದರು. ಅದರ ಕಬ್ಬಿಣದ ಲಾಳ ತಾವೇ ಹೊಡೆದದ್ದು, ಗೊರಸು ಸೀಳಿದ್ದ ಕಡೆ ಒಂದು ಮೊಳೆ ಬಿಟ್ಟು ಹೊಡೆದದ್ದು. ಬೆರಳಲ್ಲಿ ಆ ಜಾಗ ಮುಟ್ಟಿ ನೋಡಿದರು.

"ಇವ್ಳೇ ಸಾ" ಅಂದರು.

ಬೇರೆ ಮಾಂಸದ ಜೊತೆ ಬೆರೆಸಿ ದೂರದೂರಿಗೆ ಸಾಗಿಸುವ ಹುನ್ನಾರವಂತೆ. ಕುದುರೆಯನ್ನು ಮಾಂಸಕ್ಕೆ ಕಡಿಯಲು ಕಾನೂನಿನಲ್ಲಿ ಅವಕಾಶವೇ ಇಲ್ಲ, ಅದಕ್ಕೇ ಕಳ್ಳತನದಲ್ಲಿ, ತೋಟದ ಮೂಲೆಯಲ್ಲಿ ಮಾಡುತ್ತಾರೆ ಅಂದರು ಪೊಲೀಸರು. ಆ ಇಬ್ಬರಲ್ಲಿ ಒಬ್ಬ ವಾರದ ಹಿಂದೆ ಮದುವೆಗೆ ಕುದುರೆ ಬೇಕು ಅಂತ ಮಾವನ ಮನೆಗೇ ಬಂದಿದ್ದವನು. ಅತ್ತೆ ಕೈಯಲ್ಲಿ ಟೀ ಮಾಡಿಸಿಕೊಂಡು ಕುಡಿದು, ಕೊಟ್ಟಿಗೆಯನ್ನೆಲ್ಲ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿದ್ದ. ಹಾಳಾದವನು.

ಪಕ್ಕದ ತೋಟದಲ್ಲಿ ಕೂಲಿ ಮಾಡುವ ಶಿವನಂಜಮ್ಮ ಅನ್ನುವ ಹೆಂಗಸು ಅಲ್ಲೇ ನಿಂತಿದ್ದಳು. ಮಾವನ ಹತ್ತಿರ ಬಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ನಿಮ್ದಾ ಅಣ್ಣ? ಎಲ್ಡ್ ದಿನ ಇಲ್ಲೇ ಕಟ್ಟಾಕಿದ್ರು. ಅಗ್ಲೂ ರಾತ್ರಿ ಕೂಗ್ತಿತ್ತು. ನಾನೇ ಒಂದ್ ಬಕೀಟ್ ನೀರ್ ಮಡಗ್ದೆ. ಯಾರ್ದೋ ಮದ್ವೆ ಕುದ್ರೆ ಅನ್ಕಂಡೆ ಕಣಣ್ಣ. ಇವತ್ತ್ ಬೆಳಿಗ್ಗೆ ಕೂಗ್ ನಿಂತೋಯ್ತು."

ಮಾವ ತಲೆ ಎತ್ತಿದರು. "ಎಲ್ಡ್ ದಿನ ಬದ್ಕಿದ್ಲಾ?"

"ಊಂ ಕಣಣ್ಣ. ಎಲ್ಡ್ ದಿನ."

ಮಾವನ ಬಾಯಿಂದ ಬಂದ ಸದ್ದನ್ನು ನಾನು ಬರೆಯಲಾರೆ. ಗಾನವಿ ಅಪ್ಪನನ್ನು ತಬ್ಬಿಕೊಂಡಳು. ನನಗೆ ಅವರಿಬ್ಬರ ಮುಖ ನೋಡುವ ಧೈರ್ಯವಾಗಲಿಲ್ಲ.

ಹತ್ತು ದಿನ ಕಳೆದ ಮೇಲೆ ಸಂಘದ ಸಭೆ ಸೇರಿತು. ಎಂದೂ ಬಾರದ ಬಸವಯ್ಯನವರು ಅವತ್ತು ಬಂದು ಹಿಂದೆ ನಿಂತಿದ್ದರು. ಯಾರೋ ಪಿಸುಗುಟ್ಟಿದರು, "ಅಮ್ಮ ಕೊಟ್ಟ ಮಾತ್ ಸುಳ್ಳಾಯ್ತಲ್ಲ."

ಬಸವಯ್ಯನವರು ಮುಂದೆ ಬಂದರು. "ಅಮ್ಮನ್ನ ಅನ್ಬೇಡಿ" ಅಂದರು. "ಬದ್ಕವ್ಳೆ, ಸಿಕ್ತಾಳೆ ಅಂತ ಊವ ಕೊಟ್ಟದ್ದು ಅಮ್ಮ. ಅವತ್ತು ಕುದ್ರೆ ಬದ್ಕೇ ಇತ್ತು. ಮೂರ್ ದಿನ ಸುಮ್ಕಿರು ಅಂದದ್ದು ನಾನು. ನಂಗ್ ಯಾರೂ ಏಳಿರ್ನಿಲ್ಲ. ಬಾಯಿಗ್ ಬಂತು, ಅಂದ್ಬುಟ್ಟೆ." ಅಷ್ಟು ಹೇಳಿ ಹುಚ್ಚಯ್ಯ ಮಾವನ ಮುಂದೆ ಕೈಮುಗಿದರು.

"ನೀನ್ ಅಂದೆ, ನಾನ್ ಕೂತೆ" ಅಂದರು ಮಾವ. "ಕಾಲಿತ್ತು, ಓಗ್ಬೋದಾಗಿತ್ತು. ಓಗ್ನಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಹೇಮವ್ವ, ಎಮ್ಮೆದು ಫೋಟೋ ತಗೀಬೇಕು, ಬಾ" ಅಂದರು.

ಈಗ ನಮ್ಮೂರಲ್ಲಿ ಕಳುವಿನ ಮಾತಿಗೆ ಹೂವು ಕೇಳಲು ಹೋದರೆ ಬಸವಯ್ಯನವರು ಮೊದಲು ದೂರಿನ ಚೀಟಿ ತೋರಿಸು ಅನ್ನುತ್ತಾರೆ. ಚೀಟಿ ಇಲ್ಲದಿದ್ದರೆ ಗುಡಿ ಬಾಗಿಲಿಂದಲೇ ವಾಪಸ್ಸು. ಕೊಟ್ಟಿಗೆಗಳಿಗೆ ಬೀಗ ಬಂದಿದೆ, ಬಾಗಿಲಿಗೆ ತಗಡಿನ ಡಬ್ಬ ಕಟ್ಟಿದ್ದಾರೆ, ತಳ್ಳಿದರೆ ಬೀದಿಗೆಲ್ಲ ಕೇಳುತ್ತದೆ. ಹುಚ್ಚಯ್ಯ ಮಾವ ಮಾತ್ರ ಮತ್ತೆ ಕುದುರೆ ತರಲಿಲ್ಲ. ಜಟಕಾ ಹಿತ್ತಲಲ್ಲಿ ಮಳೆಗೆ ನೆನೆಯುತ್ತಿದೆ.

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ಈಗ ನಿಮಗೆ ಹೇಳುತ್ತೇನೆ. ಇವತ್ತೇ ನಿಮ್ಮ ಹಸು, ಎಮ್ಮೆ, ಕುರಿ, ಕುದುರೆ ಯಾವುದಿದ್ದರೂ ಬರಿಮೈಯಲ್ಲಿ ನಿಲ್ಲಿಸಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಸುಳಿ, ಮಚ್ಚೆ, ಕೊಂಬಿನ ಗುರುತು ಬರೆದಿಡಿ. ದನಗಳಿಗೆ ನಂಬರಿರುವ ಕಿವಿಯೋಲೆ ಹಾಕಲು ಪಶು ಆಸ್ಪತ್ರೆಯವರು ಬಂದರೆ ಹಾಕಿಸಿಕೊಳ್ಳಿ, ಕಿವಿ ಅಂದಗೆಡುತ್ತದೆ ಅನ್ನಬೇಡಿ. ಗುರುತಿಲ್ಲದವರು ಕೊಟ್ಟಿಗೆ ನೋಡಬೇಕು ಅಂದರೆ ಅವರ ಹೆಸರು, ಗಾಡಿ ನಂಬರು ಬರೆದುಕೊಳ್ಳಿ. ಪಕ್ಕದ ತೋಟದಲ್ಲಿ ಯಾರದೋ ಪ್ರಾಣಿ ಕಟ್ಟಿಹಾಕಿದ್ದರೆ, ನಮಗೇಕೆ ಅಂತ ಹೋಗಬೇಡಿ, ತಿಳಿಸಿ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಬರೆದುಕೊಳ್ಳಲೇಬೇಕು, ಪ್ರತಿಯನ್ನು ಪುಕ್ಕಟೆ ಕೊಡಲೇಬೇಕು.

ದೇವರನ್ನು ಕೇಳಬೇಡಿ ಅಂತ ನಾನು ಯಾವತ್ತೂ ಅನ್ನಲ್ಲ. ಫೋನ್ ಮಾಡಿ, ಆಮೇಲೆ ಕೈಮುಗಿಯಿರಿ. ಕೊಟ್ಟಿಗೆ ಖಾಲಿಯಾಗಿ ಕಂಡ ಆ ಗಳಿಗೆಯಲ್ಲಿ ನಿಮ್ಮ ಪ್ರಾಣಿ ಇನ್ನೂ ಬದುಕಿರಬಹುದು. ಎಲ್ಲೋ ಕಟ್ಟಿಹಾಕಿರುತ್ತಾರೆ, ಅದು ನಿಮ್ಮನ್ನೇ ಕೂಗುತ್ತಿರುತ್ತದೆ. 112 ಒತ್ತಿ. ಮನೆಯವರು ಬೇಡ ಅಂದರೂ ಒತ್ತಿ.