ಮೇಯರ್ ಮೀನಿಗೆ ಕೊಟ್ಟ ಮಾತು

ಆ ವರ್ಷ ಹ್ಯಾಡನ್ ನದಿಯಲ್ಲಿ ಪಾದ ಮುಳುಗುವಷ್ಟೂ ನೀರಿರಲಿಲ್ಲ. ಮೊಟ್ಟೆಯಿಡಲು ಪೆಸಿಫಿಕ್ ಸಾಗರದಿಂದ ಬಂದ ಸಾಲ್ಮನ್ ಮೀನುಗಳು ಪಟ್ಟಣದ ಕೆಳಗಿನ ಗುಂಡಿಯಲ್ಲಿ ಸಿಕ್ಕಿಕೊಂಡು ಬಾಯಿ ಬಾಯಿ ಬಿಡುತ್ತಿದ್ದವು. ಮಳೆ ಬರುವತನಕ ಪಟ್ಟಣದವರು ಮನೆ ಮುಂದಿನ ಹುಲ್ಲುಹಾಸಿಗೆ ನದಿಯ ನೀರು ಬಿಡುವುದನ್ನು ನಿಲ್ಲಿಸಿದ್ದರೆ ಸಾಕಿತ್ತು. ಆದರೆ ನದಿ ಮಂಡಳಿಗೆ ಇಬ್ಬರು ಅಧ್ಯಕ್ಷರು: ಮೂಲನಿವಾಸಿಗಳ ಕಡೆಯಿಂದ ವರ್ಲೀನ್ ಆಂಟಿ, ಪಟ್ಟಣದ ಕಡೆಯಿಂದ ಮೇಯರ್ ಬಾರ್ಕ್ಲೇ. ಇಬ್ಬರೂ ಹೂಂ ಅನ್ನದೆ ಒಂದು ನಲ್ಲಿಯನ್ನೂ ನಿಲ್ಲಿಸುವಂತಿಲ್ಲ. ಅಕ್ಟೋಬರಿಗೆ ಚುನಾವಣೆ ಇತ್ತಲ್ಲ, ಮೇಯರ್ ಸಾಹೇಬರು ಮೂರು ಸಭೆಯಲ್ಲೂ "ನೋಡೋಣ" ಎಂದಿದ್ದರು. ಆ "ನೋಡೋಣ" ಕೇಳಿ ಆಂಟಿಗೆ ಮೈಯೆಲ್ಲ ಉರಿಯುತ್ತಿತ್ತು.

ಇನ್ನು ಮೀನುಗಳನ್ನು ಹೊತ್ತೇ ಮೇಲಿನ ಮಡುವಿಗೆ ಸಾಗಿಸಬೇಕಾಯಿತು. ಫೋಟೊ ತೆಗೆಯುವವರು ಬರುತ್ತಾರೆಂದು ತಿಳಿದು ಸಾಹೇಬರೂ ಬಂದರು. ಕೆಲಸಕ್ಕೆ ಮುನ್ನ ಆಂಟಿ ತಮ್ಮ ಜನರ ವಾಡಿಕೆಯಂತೆ ಸಾಕ್ಷಿಗಳನ್ನು ಹೆಸರು ಹಿಡಿದು ಕರೆದಳು: ತನ್ನ ಕಡೆಯ ಮುದುಕ ಆಂಬ್ರೋಸ್, ಪಟ್ಟಣದ ಅಂಚೆ ಕಚೇರಿಯ ಆಟಿಲಿ. ಅಲ್ಲಿ ಆಡಿದ್ದನ್ನೆಲ್ಲ ಅವರು ಸಾಯುವತನಕ ನೆನಪಿಟ್ಟು ನಾಲ್ಕು ಜನಕ್ಕೆ ಹೇಳಬೇಕು. ಸಾಕ್ಷಿಯ ಮುಂದೆ ಆಡಿದ್ದು ಆಡಿದ್ದೇ. ಸಾಹೇಬರು ಅದನ್ನು ಸ್ವಾಗತ ಭಾಷಣವೆಂದುಕೊಂಡು ಚಪ್ಪಾಳೆ ತಟ್ಟಿದರು.

ಅವರ ಪಾಲಿಗೆ ಬಂದದ್ದು, ನೀರು ತುಂಬಿದ ಚೀಲದಲ್ಲಿ, ಹನ್ನೆರಡು ಕಿಲೋದ ಹೆಣ್ಣು ಮೀನು.

"ಹೊರೋವಾಗ ಮಾತಾಡಿಸ್ಬೇಕು ಕಣಪ್ಪಾ. ನೀನ್ಯಾರು, ಎಲ್ಲಿಗೆ ಕರ್ಕೊಂಡು ಹೋಗ್ತಿದೀಯ ಅಂತ ಹೇಳು," ಎಂದಳು ಆಂಟಿ.

"ಮೀನಿಗಾ?"

"ಮತ್ತೆ ಚೀಲಕ್ಕಾ?"

"ನೋಡಮ್ಮಾ, ನಾನು ಬಾರ್ಕ್ಲೇ, ಈ ಊರಿನ ಮೇಯರ್..." ಶುರುವಾದ ಮೇಲೆ ನಿಲ್ಲಿಸುವ ಅಭ್ಯಾಸ ಅವರಿಗೆಲ್ಲಿತ್ತು? ರಸ್ತೆ, ಚರಂಡಿ, ಗ್ರಂಥಾಲಯದ ಹೊಸ ಛಾವಣಿ, ಎಲ್ಲದರ ವರದಿಯೂ ಮೀನಿಗೆ ಒಪ್ಪಿಸಿದ್ದಾಯಿತು. ಅರ್ಧ ದಾರಿಯಲ್ಲಿ ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿ ಕುಕ್ಕರಿಸಿದರು. ಚೀಲವನ್ನು ಮಾತ್ರ ಎದೆಗೆ ಅವಚಿಕೊಂಡಿದ್ದರು. ಮೀನು ಚೀಲದ ಬಾಯಿಂದ ಬಾಲ ಎತ್ತಿ ಕೆನ್ನೆಗೆ ರಪ್ಪನೆ ಬಾರಿಸಿತು.

"ಆಯ್ತಮ್ಮಾ, ಹೊಡೀಬೇಡ! ನಾಳೆಯಿಂದಾನೇ ಹುಲ್ಲಿಗೆ ನೀರು ಬಂದ್! ಮಳೆ ಬರೋವರ್ಗೂ! ನಮ್ಮನೇದೂ ಸೇರಿ!"

ಜನ ಬಿದ್ದು ಬಿದ್ದು ನಕ್ಕರು. ಸಾಕ್ಷಿಗಳು ನಗಲಿಲ್ಲ.

"ಕೇಳಿಸ್ತು," ಎಂದ ಆಂಬ್ರೋಸ್.

"ನಂಗೂ," ಎಂದಳು ಆಟಿಲಿ. "ಅವ್ರ ಮನೇದೂ ಸೇರಿ."

"ಅಯ್ಯೋ, ನಾನು ಹೇಳಿದ್ದು ಮೀನಿಗೆ ಕಣ್ರೀ!"

"ನಮ್ಗೆ ಹೇಳಿದ್ರೆ ಬಿಡ್ತಿದ್ವಿ ಮೇಯರಪ್ಪಾ, ನಮ್ಗೆ ಅಭ್ಯಾಸ ಇದೆ," ಎಂದಳು ಆಂಟಿ. "ಪಾಪ, ಅದು ನಂಬ್ಕೊಂಡಿದೆ."

ಸೋಮವಾರ ಅಂಚೆ ಕಚೇರಿಗೆ ಬಂದವರಿಗೆಲ್ಲ ಆಟಿಲಿ ಒಂದಕ್ಷರ ಬಿಡದೆ ಸಾಕ್ಷಿ ಹೇಳಿದಳು. ಮಧ್ಯಾಹ್ನದೊಳಗೆ ಸಾಹೇಬರು ನೀರು ನಿಲ್ಲಿಸುವ ಆದೇಶಕ್ಕೆ ಸಹಿ ಹಾಕಿದರು. ಗುರುವಾರ ನದಿ ಒಂದು ಗೇಣು ಏರಿತು, ಗುಂಡಿಯಲ್ಲಿ ಉಳಿದಿದ್ದ ಮೀನುಗಳು ಯಾರ ಹಂಗೂ ಇಲ್ಲದೆ ತಾವೇ ಮೇಲಕ್ಕೆ ಹೊರಟವು. ದಡದಲ್ಲಿ ನಿಂತ ಆಂಟಿಗೆ ಖುಷಿಯಿಂದ ಕಣ್ಣು ತುಂಬಿ ಬಂತು. ಆಗಲೇ ಫೋನು ಬಡಿದುಕೊಂಡಿತು.

"ಆಂಟಿ, ನನ್ ಮೀನು ಮೊಟ್ಟೆ ಇಡ್ತಾ?" ಮೇಯರ್ ಪಿಸುಗುಟ್ಟಿದರು.

"ಬಂದು ನೋಡಪ್ಪಾ. ಬಾಯಿ ಮಾತ್ರ ಮುಚ್ಕೊಂಡು ಬಾ, ಹೆರಿಗೆ ಟೈಮು."